ಹಳೆಯ ಟರ್ಬೊ ಕಾರು: ಮೊದಲು ವೈರು, ಆಮೇಲೆ ಕಂಪ್ಯೂಟರ್

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನಮ್ಮ ರಸ್ತೆಗೆ ಇಳಿದದ್ದು 2004ರಲ್ಲಿ. 1.8 ಲೀಟರಿನ ನಾಲ್ಕು ಸಿಲಿಂಡರ್, ಸಿಲಿಂಡರಿಗೆ ಐದರಂತೆ 20 ವಾಲ್ವ್, ಪುಟ್ಟದೊಂದು ಟರ್ಬೊ, 150 ಅಶ್ವಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್. ಪೆಟ್ರೋಲ್ ಕಾರಿನಲ್ಲಿ ಟರ್ಬೊ ಇರುವುದೇ ಭಾರತದಲ್ಲಿ ಅಪರೂಪವಾಗಿದ್ದ ಕಾಲ ಅದು. ಆಗ ಕೊಳ್ಳಲಾಗದೆ ನೋಡುತ್ತ ನಿಂತವರು ಈಗ ಮೂರನೆಯ, ನಾಲ್ಕನೆಯ ಮಾಲೀಕರಾಗಿ ಅದನ್ನು ಮನೆಗೆ ತರುತ್ತಿದ್ದಾರೆ. ತಂದ ಕೆಲವೇ ದಿನಗಳಲ್ಲಿ ಅವರು ಕೇಳುವ ಪ್ರಶ್ನೆ ಬಹುತೇಕ ಒಂದೇ: ರೀಮ್ಯಾಪ್ ಮಾಡಿಸಿದರೆ ಎಷ್ಟು ಪವರ್ ಬರುತ್ತದೆ?

ಉತ್ತರ ಸುಲಭ. ಇದೇ ಟರ್ಬೊ ಉಳಿಸಿಕೊಂಡು ಸಾಫ್ಟ್‌ವೇರ್ ಮಾತ್ರ ಬದಲಿಸಿದರೆ, ಒಳ್ಳೆಯ ಪೆಟ್ರೋಲಿನಲ್ಲಿ 190ರ ಆಸುಪಾಸು. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಪ್ಪತ್ತು ವರ್ಷ ಎಂಜಿನ್ನಿನ ಬಿಸಿಯಲ್ಲಿ ಬೆಂದ ವೈರುಗಳು ಇವತ್ತು ಯಾವ ಸ್ಥಿತಿಯಲ್ಲಿವೆ? ಕಂಪ್ಯೂಟರಿಗೆ ಖರ್ಚು ಮಾಡುವ ಮೊದಲ ರೂಪಾಯಿ ವೈರಿಂಗ್‌ಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಟರ್ಬೊ ಎಂಜಿನ್ನುಗಳಲ್ಲಿ ಪಿಸ್ಟನ್ ಕರಗಿದಾಗ ಬೈಗುಳ ತಿನ್ನುವುದು ಟ್ಯೂನರ್. ಕಾರಣ ಎಷ್ಟೋ ಸಲ ಪೆಟ್ರೋಲ್ ಪಂಪಿನ ಕಿಲುಬು ಹಿಡಿದ ಕನೆಕ್ಟರ್ ಆಗಿರುತ್ತದೆ.

ಈ ಲೇಖನದಲ್ಲಿ ಆಕ್ಟೇವಿಯಾವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಇಲ್ಲಿನ ಬಹುಪಾಲು ಮಾತು ಅದೇ ಕಾಲದ ಬೇರೆ ಟರ್ಬೊ ಪೆಟ್ರೋಲ್ ಕಾರುಗಳಿಗೂ ಸಲ್ಲುತ್ತದೆ.

ಕಂಪ್ಯೂಟರ್ ಲೆಕ್ಕ ಹಾಕುವ ಬಗೆ

ಈ ಎಂಜಿನ್ನು ಸ್ಕೋಡಾ ಒಂದರದ್ದೇ ಅಲ್ಲ. 1995ರಲ್ಲಿ ಆಡಿ ಎ4ರಲ್ಲಿ ಕಾಣಿಸಿಕೊಂಡು, ಮುಂದೆ ಫೋಕ್ಸ್‌ವಾಗನ್ ಗಾಲ್ಫ್, ಆಡಿ ಟಿಟಿ, ಸಿಯಾಟ್ ಲಿಯೋನ್‌ಗಳಲ್ಲೂ ಓಡಿತು. ದೊಡ್ಡ ಟರ್ಬೊ ಹಾಕಿದ ಟಿಟಿಯಲ್ಲಿ ಇದೇ ಕುಟುಂಬದ ಎಂಜಿನ್ 225 ಅಶ್ವಶಕ್ತಿ ಕೊಟ್ಟಿದೆ. ಜಗತ್ತಿನ ತುಂಬ ಹರಡಿಕೊಂಡ ಎಂಜಿನ್ ಆದ್ದರಿಂದ ಇದರ ಕಂಪ್ಯೂಟರ್ ಆದ ಇಸಿಯು, ಅಂದರೆ ಬಾಷ್ ಕಂಪನಿಯ ಮೋಟ್ರಾನಿಕ್ ಎಂಇ 7.5, ಹವ್ಯಾಸಿಗಳಿಗೆ ಒಳಗಿನಿಂದ ಹೊರಗಿನವರೆಗೆ ಗೊತ್ತಿದೆ. ಯಾವ ಪಿನ್ನು ಎಲ್ಲಿಗೆ ಹೋಗುತ್ತದೆ, ಯಾವ ಕೋಷ್ಟಕ ಯಾವುದನ್ನು ನಿಯಂತ್ರಿಸುತ್ತದೆ ಎಂಬುದರಲ್ಲಿ ಈಗ ಗುಟ್ಟು ಉಳಿದಿಲ್ಲ. ಹಳೆಯ ಕಾರು ಇಟ್ಟುಕೊಂಡವರಿಗೆ ಇದು ದೊಡ್ಡ ಅನುಕೂಲ.

ಆಕ್ಸಿಲರೇಟರ್ ಒತ್ತಿದರೆ ಕೇಬಲ್ ಎಳೆದು ಥ್ರಾಟಲ್ ತೆರೆಯುವ ವ್ಯವಸ್ಥೆ ಇದಲ್ಲ. ಪೆಡಲ್ ಬರೀ ಕೋರಿಕೆ ಸಲ್ಲಿಸುತ್ತದೆ. ಚಾಲಕನಿಗೆ ಇಷ್ಟು ಟಾರ್ಕ್ ಬೇಕಂತೆ ಎಂದು ಇಸಿಯು ಮೊದಲು ತೀರ್ಮಾನಿಸುತ್ತದೆ. ಅಷ್ಟು ಟಾರ್ಕಿಗೆ ಸಿಲಿಂಡರಿನೊಳಗೆ ಎಷ್ಟು ಗಾಳಿ ತುಂಬಬೇಕು ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಥ್ರಾಟಲ್ ಎಷ್ಟು ತೆರೆಯಬೇಕು, ಟರ್ಬೊ ಒತ್ತಡ ಎಷ್ಟು ಏರಬೇಕು, ಕಿಡಿ ಎಷ್ಟು ಮುಂಚಿತವಾಗಿ ಹಾರಬೇಕು ಎಂದು ನಿರ್ಧರಿಸುತ್ತದೆ. ಟರ್ಬೊ ಒತ್ತಡವನ್ನು ಅದು ಎನ್75 ಎಂಬ ಸಣ್ಣ ವಿದ್ಯುತ್ ವಾಲ್ವಿನ ಮೂಲಕ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಕಾರ್ಖಾನೆಯಿಂದ ಬಂದ 150 ಅಶ್ವಶಕ್ತಿಯ ರೂಪದಲ್ಲಿ ಈ ಬೂಸ್ಟ್ ಅರ್ಧ ಬಾರ್ ಆಸುಪಾಸು. ರೀಮ್ಯಾಪ್ ಮಾಡಿದವರು ಇದನ್ನು ಒಂದು ಬಾರ್ ಹತ್ತಿರಕ್ಕೆ ಒಯ್ಯುತ್ತಾರೆ.

ಈ ಲೆಕ್ಕವೆಲ್ಲ ನಿಂತಿರುವುದು ಸೆನ್ಸರುಗಳು ಕಳಿಸುವ ಸಣ್ಣ ವೋಲ್ಟೇಜುಗಳ ಮೇಲೆ. 81 ಮತ್ತು 40 ಪಿನ್ನುಗಳ ಎರಡು ಕನೆಕ್ಟರ್, ಒಟ್ಟು 121. ಬಹುಪಾಲು ಸೆನ್ಸರುಗಳ ಮಾತು ಸೊನ್ನೆಯಿಂದ 5 ವೋಲ್ಟ್ ಒಳಗೇ ಮುಗಿಯುತ್ತದೆ. ದಾರಿಯಲ್ಲಿ ಅರ್ಧ ವೋಲ್ಟ್ ಸೋರಿದರೆ ಇಸಿಯು ಅದನ್ನು ಸೋರಿಕೆ ಎಂದು ತಿಳಿಯುವುದಿಲ್ಲ; ಗಾಳಿ ಕಡಿಮೆ ಬಂತು, ಅಥವಾ ಎಂಜಿನ್ ಇನ್ನೂ ತಣ್ಣಗಿದೆ ಎಂದೇ ನಂಬುತ್ತದೆ. ಎಂಜಿನ್ ತಣ್ಣಗಿದೆ ಎಂದು ನಂಬಿದರೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಮೈಲೇಜ್ ಬಿತ್ತು ಎಂದು ಮಾಲೀಕ ಇಂಜೆಕ್ಟರ್ ತೊಳೆಸುತ್ತಾನೆ, ಪ್ಲಗ್ ಬದಲಿಸುತ್ತಾನೆ. ತಪ್ಪು ಇರುವುದು ಕೂಲೆಂಟ್ ಸೆನ್ಸರಿನ ಎರಡು ವೈರಿನಲ್ಲಿ.

ವೈರು ಸಾಯುವ ಜಾಗಗಳು

ಬಾನೆಟ್ ತೆರೆದು ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ನಾಲ್ಕು ಇಗ್ನಿಷನ್ ಕಾಯಿಲ್‌ಗಳು ಸಿಲಿಂಡರ್ ಹೆಡ್ಡಿನ ಮೇಲೆಯೇ ಸಾಲಾಗಿ ಕೂತಿವೆ. ಈ ಎಂಜಿನ್ನಿನ ಅತಿ ದುರ್ಬಲ ಜಾಗ ಇದು. ಕಾಯಿಲ್‌ಗಳೇ ಕೆಡುವ ಚಾಳಿ ಎಷ್ಟಿತ್ತೆಂದರೆ, 2003ರಲ್ಲಿ ಫೋಕ್ಸ್‌ವಾಗನ್ ಅಮೆರಿಕದಲ್ಲಿ ಅವುಗಳನ್ನು ತಾನೇ ಖರ್ಚು ಹಾಕಿ ಬದಲಿಸಿಕೊಡಬೇಕಾಯಿತು. ಹೊಸ ಕಾಯಿಲ್ ಹಾಕಿದ ಮೇಲೂ ಮಿಸ್‌ಫೈರ್ ನಿಲ್ಲದಿದ್ದರೆ ಹಿಂದಿನ ವೈರನ್ನು ನೋಡಬೇಕು. ಒಂದೊಂದು ಕಾಯಿಲ್‌ಗೂ ನಾಲ್ಕು ವೈರು: ಒಂದು 12 ವೋಲ್ಟ್, ಒಂದು ಇಸಿಯು ಆಜ್ಞೆ, ಎರಡು ಗ್ರೌಂಡ್. ಬಿಸಿಗೆ ಅವುಗಳ ಹೊದಿಕೆ ಒಣಗಿ, ಬೆರಳಲ್ಲಿ ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಕನೆಕ್ಟರಿನ ಲಾಕ್ ಕೊಂಡಿ ಮುಟ್ಟಿದರೆ ಮುರಿಯುತ್ತದೆ. ಹಾಗೆ ಬೆತ್ತಲಾದ ವೈರು ವಾಲ್ವ್ ಕವರ್‌ಗೆ ತಗುಲಿದರೆ ಕಾಯಿಲ್ ಜೊತೆಗೆ ಇಸಿಯುವಿನ ಡ್ರೈವರ್ ಕೂಡ ಸುಡಬಹುದು. ಸ್ಕ್ಯಾನರಿನಲ್ಲಿ ಪಿ0300ರಿಂದ ಪಿ0304ರ ತನಕದ ಕೋಡ್ ಕಂಡರೆ ಮೊದಲು ಇಲ್ಲಿ ಟಾರ್ಚ್ ಬಿಡಿ.

ಎರಡನೆಯ ಜಾಗ ಇಸಿಯು ಕೂತಿರುವ ಸ್ಥಳವೇ. ಆಕ್ಟೇವಿಯಾದಲ್ಲಿ ಅದು ಮುಂಗಾಜಿನ ಕೆಳಗೆ, ವೈಪರಿನ ಬುಡದಲ್ಲಿರುವ ತೊಟ್ಟಿಯಂಥ ಜಾಗದಲ್ಲಿದೆ. ಮಳೆನೀರು ಇಳಿದು ಹೋಗಲು ಅಲ್ಲಿ ತೂತುಗಳಿವೆ. ಹೊಂಗೆ, ಗುಲ್‌ಮೊಹರ್ ಮರದ ಕೆಳಗೆ ಕಾರು ನಿಲ್ಲಿಸುವ ಬೆಂಗಳೂರಿನ ಬೀದಿಗಳಲ್ಲಿ ಆ ತೂತು ಎಲೆಯಿಂದ ಮುಚ್ಚಿಹೋಗುವುದು ಖಂಡಿತ. ಮುಚ್ಚಿದರೆ ನೀರು ನಿಂತು ಇಸಿಯು ಪೆಟ್ಟಿಗೆಯ ಮಟ್ಟಕ್ಕೆ ಏರುತ್ತದೆ. ಕನೆಕ್ಟರ್ ಬಿಚ್ಚಿ ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ರೀಮ್ಯಾಪ್ ಮಾತು ಅಲ್ಲಿಗೇ ನಿಲ್ಲಲಿ. ಪ್ರತಿ ಮುಂಗಾರಿಗೆ ಮುಂಚೆ ಆ ತೊಟ್ಟಿ ಸ್ವಚ್ಛ ಮಾಡಿಸುವುದು ಈ ಕಾರಿನ ಅತಿ ಅಗ್ಗದ ವಿಮೆ.

ಇಲಿಗಳ ವಿಷಯ ಹೇಳಬೇಕಾಗಿಯೇ ಇಲ್ಲ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರು ಕೊಂಡಿದ್ದರೆ ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ಅದರ ಉದ್ದಕ್ಕೂ ಕೈಯಾಡಿಸಿ ನೋಡಿ.

ಇನ್ನು ಕಣ್ಣಿಗೆ ಕಾಣದ ದೋಷ. ನಮ್ಮ ಎಲೆಕ್ಟ್ರಿಷಿಯನ್ನರು ಸಾಮಾನ್ಯವಾಗಿ ಮಲ್ಟಿಮೀಟರನ್ನು ಬೀಪ್ ಶಬ್ದಕ್ಕೆ ಇಟ್ಟು ವೈರಿನ ಎರಡು ತುದಿ ಮುಟ್ಟಿಸುತ್ತಾರೆ. ಬೀಪ್ ಬಂದರೆ ವೈರು ಸರಿ ಎನ್ನುತ್ತಾರೆ. ಇದು ಸಾಲದು. ಮೂವತ್ತು ಎಳೆಯ ತಾಮ್ರದಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಒಂದೇ ಎಳೆಯ ಮೇಲೆ ನಿಂತ ಬಾವಿಹಗ್ಗ ಖಾಲಿ ಕೊಡವನ್ನು ಮೇಲೆತ್ತುತ್ತದೆ, ತುಂಬಿದ ಕೊಡಕ್ಕೆ ಹರಿಯುತ್ತದೆ. ಹಾಗಾಗಿ ವೈರನ್ನು ಹೊರೆ ಹೊರಿಸಿಯೇ ಪರೀಕ್ಷಿಸಬೇಕು. ಇದಕ್ಕೆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಎನ್ನುತ್ತಾರೆ, ಮನೆಯಲ್ಲೇ ಮಾಡಬಹುದು.

ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕೆಂಪು ತುದಿ ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ, ಕಪ್ಪು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಇನ್ನೊಬ್ಬರಿಗೆ ಸ್ಟಾರ್ಟರ್ ತಿರುಗಿಸಲು ಹೇಳಿ. ತಿರುಗುವಾಗ ಮೀಟರ್ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಂಜಿನ್ನಿನ ಗ್ರೌಂಡ್ ಪಟ್ಟಿ ಹೋಗಿದೆ. ಇದೇ ಕ್ರಮದಲ್ಲಿ ಕಾಯಿಲ್‌ನ ಗ್ರೌಂಡ್, ಇಸಿಯುವಿನ ಗ್ರೌಂಡ್, ಪೆಟ್ರೋಲ್ ಪಂಪಿನ ಎರಡೂ ವೈರು, ಎಲ್ಲವನ್ನೂ ಎಂಜಿನ್ ಓಡುತ್ತಿರುವಾಗ ನೋಡಿ. ಗ್ರೌಂಡ್ ಕಡೆ 0.1 ವೋಲ್ಟ್ ದಾಟಬಾರದು. ಪಂಪಿನ ಬಳಿ ಸಿಗುವ ವೋಲ್ಟೇಜ್, ಬ್ಯಾಟರಿಯದ್ದಕ್ಕಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಇಳಿದಿರಬಾರದು.

ಪಂಪಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಪೆಟ್ರೋಲ್ ಪಂಪ್ ಎಳೆಯುವ ಕರೆಂಟ್ ಹತ್ತು ಆಂಪಿಯರಿನ ಹತ್ತಿರ ಎಂದಿಟ್ಟುಕೊಳ್ಳಿ. ಕಿಲುಬಿನಿಂದ ದಾರಿಯಲ್ಲಿ 0.1 ಓಮ್ ಪ್ರತಿರೋಧ ಸೇರಿದರೆ ಒಂದು ವೋಲ್ಟ್ ಮಾಯ. ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ಈ ಎಂಜಿನ್ನಿನಲ್ಲಿ ಇಂಧನದ ಒತ್ತಡ ಯಾವಾಗಲೂ ಮ್ಯಾನಿಫೋಲ್ಡಿನ ಒತ್ತಡಕ್ಕಿಂತ 3 ಬಾರ್ ಮೇಲಿರಬೇಕು. ಬೂಸ್ಟ್ ಒಂದು ಬಾರ್ ಆದರೆ ಪಂಪು 4 ಬಾರ್ ಕೊಡಬೇಕು, ಅದೂ ಹೆಚ್ಚು ಪ್ರಮಾಣದಲ್ಲಿ. ವೋಲ್ಟೇಜ್ ಇಲ್ಲದ ಪಂಪು ಅಲ್ಲಿ ಸೋಲುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಉರಿ ವಿಪರೀತ ಬಿಸಿಯಾಗುತ್ತದೆ, ಪಿಸ್ಟನ್ ತಡೆಯುವುದಿಲ್ಲ. ಕಾರ್ಖಾನೆಯ ಬೂಸ್ಟಿನಲ್ಲಿ ಅಡಗಿ ಕೂತಿದ್ದ ದೋಷವನ್ನು ರೀಮ್ಯಾಪ್ ಹೊರಗೆಳೆಯುವುದು ಹೀಗೆ.

ಕೂಲೆಂಟ್ ಸೆನ್ಸರನ್ನು ಓಮ್ ಮೀಟರಿನಲ್ಲಿ ಅಳೆಯಬಹುದು. 20 ಡಿಗ್ರಿ ತಾಪದಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು, 80 ಡಿಗ್ರಿಯಲ್ಲಿ ಮುನ್ನೂರ ಚಿಲ್ಲರೆ ಇರಬೇಕು. ಸೆನ್ಸರಿನ ಬಳಿ ಈ ಅಂಕಿ ಸರಿಯಿದ್ದು ಇಸಿಯು ಕನೆಕ್ಟರಿನ ಬಳಿ ತಪ್ಪಿದ್ದರೆ ಸೆನ್ಸರ್ ಕೊಳ್ಳಬೇಡಿ, ನಡುವಿನ ವೈರನ್ನು ಹುಡುಕಿ.

ಜೋಡಿಸುವ ಕೆಲಸ

ಇಡೀ ಎಂಜಿನ್ ಹಾರ್ನೆಸ್ ಹೊಸದಾಗಿ ಕಟ್ಟಬೇಕೆ, ಕೆಟ್ಟ ಭಾಗ ಮಾತ್ರ ಬದಲಿಸಬೇಕೆ? ಆಕ್ಟೇವಿಯಾದಲ್ಲಿ ಹೆಚ್ಚಿನ ಸಲ ಕಾಯಿಲ್, ಇಂಜೆಕ್ಟರ್, ಕೂಲೆಂಟ್ ಸೆನ್ಸರ್, ಏರ್ ಮಾಸ್ ಮೀಟರ್‌ಗಳ ಕೊನೆಯ ಒಂದೆರಡು ಅಡಿ ಮಾತ್ರ ಹೋಗಿರುತ್ತದೆ. ಕ್ಯಾಬಿನ್ನಿನೊಳಗಿನ ವೈರು ಇವತ್ತಿಗೂ ಮೃದುವಾಗಿರುತ್ತದೆ. ಅದನ್ನು ಮುಟ್ಟುವ ಅಗತ್ಯವಿಲ್ಲ.

ಸಾಮಾನ್ಯ ಪಿವಿಸಿ ವೈರು ಎಂಜಿನ್ ಕೋಣೆಗೆ ಬೇಡ. ಕ್ರಾಸ್‌ಲಿಂಕ್ಡ್ ಹೊದಿಕೆಯ ಆಟೊಮೋಟಿವ್ ವೈರು 125 ಡಿಗ್ರಿ ತಡೆಯುತ್ತದೆ. ವಿಮಾನಗಳಲ್ಲಿ ಬಳಸುವ ಟೆಫ್ಜೆಲ್ ಹೊದಿಕೆಯ ವೈರು 150 ಡಿಗ್ರಿ ತಡೆಯುತ್ತದೆ, ಹೊದಿಕೆಯೂ ತೆಳು. ಟರ್ಬೊ ಬಳಿ ಹಾದುಹೋಗುವ ವೈರಿಗೆ ನಾನಾದರೆ ಎರಡನೆಯದನ್ನೇ ಹಾಕುತ್ತೇನೆ. ಸೆನ್ಸರುಗಳಿಗೆ 0.5 ಚದರ ಮಿಲಿಮೀಟರ್, ಕಾಯಿಲ್‌ಗಳ ಮುಖ್ಯ 12 ವೋಲ್ಟಿಗೆ 1.5, ಪೆಟ್ರೋಲ್ ಪಂಪಿಗೆ 2.5 ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವೈರು, ಹೀಟ್ ಶ್ರಿಂಕ್, ಪಿನ್ನುಗಳೆಲ್ಲ ಸಿಗುತ್ತವೆ. ಆದರೆ ಹೊದಿಕೆಯ ಮೇಲೆ ತಾಪಮಾನದ ಗುರುತು ಅಚ್ಚಾಗಿದೆಯೇ ನೋಡಿಯೇ ಕೊಳ್ಳಿ. ಕನೆಕ್ಟರುಗಳನ್ನು ರಬ್ಬರ್ ಸೀಲ್ ಸಮೇತ ತನ್ನಿ. ಸೀಲ್ ಇಲ್ಲದ ಕನೆಕ್ಟರ್ ಒಂದು ಮಳೆಗಾಲಕ್ಕೆ ಮುಗಿಯುತ್ತದೆ.

ಬೆಸುಗೆ ಹಾಕಬೇಕೋ, ಕ್ರಿಂಪ್ ಮಾಡಬೇಕೋ ಎಂಬ ಚರ್ಚೆ ಪ್ರತಿ ಗ್ಯಾರೇಜಿನಲ್ಲೂ ಇದೆ. ಬೆಸುಗೆಯ ಸೀಸ ಎಳೆಗಳ ಒಳಗೆ ಹರಿದು ವೈರನ್ನು ಗಟ್ಟಿ ಕಡ್ಡಿಯನ್ನಾಗಿ ಮಾಡುತ್ತದೆ. ಎಂಜಿನ್ ನಡುಗಿದಾಗ ಆ ಗಟ್ಟಿ ಭಾಗ ಮುಗಿಯುವ ಗೆರೆಯಲ್ಲೇ ಎಳೆಗಳು ಮುರಿಯುತ್ತವೆ. ಸರಿಯಾದ ಅಚ್ಚಿನ ಕ್ರಿಂಪಿಂಗ್ ಉಪಕರಣದಿಂದ ಒತ್ತಿದ ಪಿನ್ನು ಈ ತೊಂದರೆ ಕೊಡುವುದಿಲ್ಲ. ಕಾರು ಕಂಪನಿಗಳೂ ಎಂಜಿನ್ ಹಾರ್ನೆಸ್‌ನಲ್ಲಿ ಮಾಡುವುದು ಕ್ರಿಂಪನ್ನೇ. ಇಕ್ಕಳದಿಂದ ಅಮುಕಿದ್ದು ಕ್ರಿಂಪ್ ಅಲ್ಲ. ಉಪಕರಣ ಇಲ್ಲದ ಎಲೆಕ್ಟ್ರಿಷಿಯನ್ ಬಳಿ ಈ ಕೆಲಸ ಕೊಡಬೇಡಿ.

ಎರಡು ಸೆನ್ಸರುಗಳಿಗೆ ವಿಶೇಷ ಮರ್ಯಾದೆ ಬೇಕು. ಮೊದಲನೆಯದು ಕ್ರ್ಯಾಂಕ್ ಸೆನ್ಸರ್. 60 ಹಲ್ಲಿನ ಲೆಕ್ಕದಲ್ಲಿ ಎರಡು ಹಲ್ಲು ಬಿಟ್ಟ ಚಕ್ರವನ್ನು ಅದು ಓದುತ್ತದೆ. ಒಂದು ಹಲ್ಲಿಗೆ 6 ಡಿಗ್ರಿ. ಇಲ್ಲದ ಎರಡು ಹಲ್ಲಿನ ಜಾಗವೇ ಇಸಿಯುವಿಗೆ ಗುರುತು. ಎರಡನೆಯದು ನಾಕ್ ಸೆನ್ಸರ್, ಈ ಎಂಜಿನ್ನಿಗೆ ಅಂಥವು ಎರಡಿವೆ. ಪೆಟ್ರೋಲ್ ಅಕಾಲದಲ್ಲಿ ಸಿಡಿದಾಗ ಬ್ಲಾಕಿನಲ್ಲಿ ಏಳುವ ಸಣ್ಣ ಕಂಪನವನ್ನು ಅವು ಕೇಳಿಸಿಕೊಳ್ಳುತ್ತವೆ. ಇವೆರಡರ ವೈರಿಗೂ ಲೋಹದ ಜಾಲರಿ ಹೊದಿಕೆ ಇರಲೇಬೇಕು, ಆ ಜಾಲರಿ ಒಂದೇ ತುದಿಯಲ್ಲಿ ಗ್ರೌಂಡ್ ಆಗಬೇಕು. ಎರಡೂ ತುದಿಗೆ ಗ್ರೌಂಡ್ ಕೊಟ್ಟರೆ ಜಾಲರಿಯಲ್ಲೇ ಕರೆಂಟ್ ಹರಿದು ಗದ್ದಲ ಎಬ್ಬಿಸುತ್ತದೆ. ಕಾಯಿಲ್‌ಗಳ ವೈರಿನ ಜೊತೆ ಇವನ್ನು ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. ನಾಕ್ ಸೆನ್ಸರಿನ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ 20 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಸಡಿಲವಾದರೆ ಅದಕ್ಕೆ ಕಿವುಡು, ಅತಿ ಬಿಗಿಯಾದರೆ ಇಲ್ಲದ ಸದ್ದೂ ಕೇಳಿಸುತ್ತದೆ.

ಹಳೆಯ ಹಾರ್ನೆಸ್ ಬಿಚ್ಚುವ ಮೊದಲು ಪ್ರತಿ ಕವಲಿನ ಉದ್ದ ಅಳೆದು ಬರೆದುಕೊಳ್ಳಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಎರಡೂ ತುದಿಗೆ ಚೀಟಿ ಅಂಟಿಸಿ. ಬಣ್ಣವೂ ಮೂಲದ್ದೇ ಇರಲಿ. ಮುಂದೆ ಯಾರೋ ಒಬ್ಬ ಮೆಕ್ಯಾನಿಕ್ ನಕ್ಷೆ ಹಿಡಿದು ಹುಡುಕುವಾಗ ಎಲ್ಲ ವೈರೂ ಕೆಂಪಾಗಿದ್ದರೆ ಅವನ ಗತಿ ಏನು?

ಈಗ ರೀಮ್ಯಾಪ್

ವೈರಿಂಗ್ ಸರಿಯಾದ ಮೇಲೆ ಕಾರನ್ನು ಮೂಲ ಸಾಫ್ಟ್‌ವೇರಿನಲ್ಲೇ ಕೆಲವು ವಾರ ಓಡಿಸಿ. ಕೋಡ್ ಒಂದೂ ಬರಬಾರದು. ವಿಸಿಡಿಎಸ್ ಎಂಬ ಸ್ಕ್ಯಾನರ್ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು, ಫೋಕ್ಸ್‌ವಾಗನ್ ಬಳಗದ ಕಾರುಗಳಿಗೆಂದೇ ಮಾಡಿದ್ದು. ಅದರ 032ನೇ ಬ್ಲಾಕಿನಲ್ಲಿ ಇಂಧನ ಹೊಂದಾಣಿಕೆಯ ಶೇಕಡಾವಾರು ಕಾಣುತ್ತದೆ. 115ರಲ್ಲಿ ಇಸಿಯು ಕೇಳಿದ ಬೂಸ್ಟ್ ಮತ್ತು ಸಿಕ್ಕಿದ ಬೂಸ್ಟ್ ಅಕ್ಕಪಕ್ಕ. 020ರಲ್ಲಿ ಒಂದೊಂದು ಸಿಲಿಂಡರಿನ ಕಿಡಿಯನ್ನೂ ನಾಕ್ ಕಾರಣಕ್ಕೆ ಎಷ್ಟು ಡಿಗ್ರಿ ಹಿಂದೆ ತಳ್ಳಲಾಗಿದೆ ಎಂಬ ಲೆಕ್ಕ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಅಂತರ ಹೆಚ್ಚಿದ್ದರೆ, ಅಥವಾ ಪಿ1297 ಕೋಡ್ ಬಂದರೆ, ಟರ್ಬೊದಿಂದ ಥ್ರಾಟಲ್ ತನಕದ ಪೈಪುಗಳಲ್ಲಿ ಎಲ್ಲೋ ಗಾಳಿ ಸೋರುತ್ತಿದೆ. ಇಪ್ಪತ್ತು ವರ್ಷದ ರಬ್ಬರ್ ಹೋಸುಗಳಿಂದ ಬೇರೇನು ನಿರೀಕ್ಷಿಸಲು ಸಾಧ್ಯ? ಹೊಗೆ ಬಿಟ್ಟು ಪರೀಕ್ಷಿಸಿ, ಸೋರುವುದನ್ನೆಲ್ಲ ಬದಲಿಸಿ.

003ನೇ ಬ್ಲಾಕಿನಲ್ಲಿ ಗಾಳಿಯ ಅಳತೆ ಸೆಕೆಂಡಿಗೆ ಎಷ್ಟು ಗ್ರಾಂ ಎಂದು ಸಿಗುತ್ತದೆ. ಅದನ್ನು 0.8ರಿಂದ ಭಾಗಿಸಿದರೆ ಅಶ್ವಶಕ್ತಿಯ ಒರಟು ಅಂದಾಜು. 120 ಗ್ರಾಂ ಬಂದರೆ 150 ಅಶ್ವಶಕ್ತಿ, ಅಂದರೆ ಎಂಜಿನ್ ಇನ್ನೂ ಗಟ್ಟಿಯಾಗಿದೆ. ಬರೀ 90 ಬಂದರೆ ಏರ್ ಮಾಸ್ ಮೀಟರ್ ಕೆಟ್ಟಿದೆ ಅಥವಾ ಎಂಜಿನ್ನೇ ಸೋತಿದೆ. ಈ ಅಳತೆಗಳನ್ನು ಡೈನೊ ಮೇಲೆ ಅಥವಾ ಟ್ರ್ಯಾಕಿನಲ್ಲಿ ತೆಗೆಯಿರಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಬೆಂಗಳೂರಿನಿಂದ ಒಂದು ದಿನದ ಪಯಣ. ಸಾರ್ವಜನಿಕ ರಸ್ತೆಯಲ್ಲಿ ಪೂರ್ತಿ ಥ್ರಾಟಲ್ ಪರೀಕ್ಷೆ ಬೇಡವೇ ಬೇಡ.

ಟ್ಯೂನರ್ ಮೊದಲು ಮಾಡಬೇಕಾದದ್ದು ನಕಲು. ಇಸಿಯುವಿನ ಮುಖ್ಯ ಫ್ಲಾಶ್ ಮೆಮೊರಿಯನ್ನೂ, 95040 ಎಂಬ ಪುಟ್ಟ ಚಿಪ್ಪಿನ 512 ಬೈಟ್‌ಗಳನ್ನೂ ಓದಿ ಎರಡು ಕಡೆ ಉಳಿಸಬೇಕು. ಆ ಪುಟ್ಟ ಚಿಪ್ಪಿನಲ್ಲಿ ಇಮೊಬಿಲೈಸರ್ ಗುಟ್ಟಿದೆ. ಇಸಿಯು, ಮೀಟರ್ ಬೋರ್ಡ್, ಕೀಲಿ ಮೂರೂ ಒಂದಕ್ಕೊಂದು ಗುರುತು ಹಿಡಿದರೆ ಮಾತ್ರ ಎಂಜಿನ್ ಓಡುತ್ತದೆ. ಗುಜರಿಯಿಂದ ತಂದ ಇನ್ನೊಂದು ಇಸಿಯು ಸಿಕ್ಕಿಸಿದರೆ ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ನಿಂತುಬಿಡುವುದು ಇದೇ ಕಾರಣಕ್ಕೆ. ಇಸಿಯುವಿಗೆ ಹೊಸ ಸಾಫ್ಟ್‌ವೇರ್ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಕೊಟ್ಟು ವೋಲ್ಟೇಜ್ 12.5ರ ಕೆಳಗೆ ಬೀಳದಂತೆ ನೋಡಿಕೊಳ್ಳಬೇಕು. ನಡುವೆ ಕರೆಂಟ್ ಕೈಕೊಟ್ಟರೆ ಇಸಿಯುವನ್ನು ಬಿಚ್ಚಿ, ಮೇಜಿನ ಮೇಲೆ ಬೂಟ್ ಮೋಡಿನಲ್ಲಿ ಎಬ್ಬಿಸುವ ದಾರಿ ಇದೆ. ಅದು ಗೊತ್ತಿಲ್ಲದ ಟ್ಯೂನರ್ ಕೈಗೆ ಕಾರು ಕೊಡಬೇಡಿ.

ಎಲ್ಲರ ಕಾರಿಗೂ ಒಂದೇ ಫೈಲ್ ಹಾಕುವವರಿದ್ದಾರೆ. ಅವರನ್ನು ಕೇಳಬೇಕಾದ ಪ್ರಶ್ನೆ: ಹಾಕಿದ ಮೇಲೆ ಲಾಗ್ ತೆಗೆದು ತೋರಿಸುತ್ತೀರಾ? ನಾಕ್ ಕಾರಣಕ್ಕೆ ಕಿಡಿ ಆಗೊಮ್ಮೆ 3 ಡಿಗ್ರಿ ಹಿಂದೆ ಸರಿಯುವುದು ಸಹಜ. 6 ಡಿಗ್ರಿ ದಾಟಿ ಅಲ್ಲೇ ನಿಂತರೆ ಬೂಸ್ಟ್ ಅಥವಾ ಕಿಡಿಯ ಮುನ್ನಡೆ ತಗ್ಗಿಸಲೇಬೇಕು. ಸ್ಪಾರ್ಕ್ ಪ್ಲಗ್ಗಿನ ಅಂತರವನ್ನು 0.7 ಮಿಲಿಮೀಟರಿಗೆ ಇಳಿಸಿ. ಒತ್ತಡ ಹೆಚ್ಚಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ.

ಪೆಟ್ರೋಲಿನ ವಿಷಯವನ್ನು ನಮ್ಮಲ್ಲಿ ಬೇಕಾದಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ. ಈ ಮ್ಯಾಪ್ ಬರೆದ ಕಾಲದಲ್ಲಿ ಲೆಕ್ಕ ಹಾಕಿದ್ದು ಒಂದು ಭಾಗ ಶುದ್ಧ ಪೆಟ್ರೋಲಿಗೆ 14.7 ಭಾಗ ಗಾಳಿ ಎಂದು. ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ ಐದರಲ್ಲೊಂದು ಪಾಲು ಎಥೆನಾಲ್. ಅದಕ್ಕೆ ಬೇಕಾದ ಅನುಪಾತ 13.5ರ ಹತ್ತಿರ. ಅಂದರೆ ಇಂಜೆಕ್ಟರ್ ಸುಮಾರು ಶೇ 9ರಷ್ಟು ಹೆಚ್ಚು ಸುರಿಸಬೇಕು. ಆಮ್ಲಜನಕ ಸೆನ್ಸರ್ ಆರೋಗ್ಯವಾಗಿದ್ದರೆ ಇಸಿಯು ಇದನ್ನು ತಾನೇ ಸರಿದೂಗಿಸುತ್ತದೆ, 032ರಲ್ಲಿ ಆ ಅಂಕಿ ಕಾಣಿಸುತ್ತದೆ. ಆದರೆ ಸೋರುವ ಹೋಸು, ಬಳಲಿದ ಪಂಪು, ಕೊಳೆಯಾದ ಏರ್ ಮಾಸ್ ಮೀಟರ್ ಸೇರಿಕೊಂಡರೆ ಹೊಂದಾಣಿಕೆಯ ಮಿತಿ ಬೇಗ ಮುಗಿಯುತ್ತದೆ. ಹೊಸ ಮ್ಯಾಪ್ ಬರೆಸುವಾಗ ನೀವು ನಿಜವಾಗಿ ಹಾಕಿಸುವ ಪೆಟ್ರೋಲನ್ನೇ ತುಂಬಿಸಿಕೊಂಡು ಹೋಗಿ. 100 ಆಕ್ಟೇನಿನ ಎಕ್ಸ್‌ಪಿ100 ಪೆಟ್ರೋಲ್ ಹಾಕಿ ಟ್ಯೂನ್ ಮಾಡಿಸಿ, ಊರಿಗೆ ಹೊರಟಾಗ ದಾರಿಯಲ್ಲಿ ಸಿಕ್ಕ ಸಾಮಾನ್ಯ ಪೆಟ್ರೋಲ್ ತುಂಬಿಸುವವರು ನಾಕ್ ಸೆನ್ಸರಿನ ದಯೆಯಲ್ಲಿ ಪಯಣಿಸುತ್ತಿರುತ್ತಾರೆ. ಎಥೆನಾಲ್ ಹಳೆಯ ರಬ್ಬರನ್ನೂ ತಿನ್ನುತ್ತದೆ. ಇಂಧನ ಹೋಸುಗಳನ್ನು ಆರ್9 ಗುರುತಿನವಕ್ಕೆ ಬದಲಿಸುವುದನ್ನು ಈ ಕೆಲಸದ ಜೊತೆಗೇ ಮುಗಿಸಿ.

ಇನ್ನೊಂದು ಅಂಶ ಕರ್ನಾಟಕದವರಿಗೇ ಹೇಳಬೇಕಾದದ್ದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ವಾಯುಭಾರ 910 ಮಿಲಿಬಾರ್ ಸುಮಾರು, ಮಂಗಳೂರಿನದ್ದು 1,010. ಅಷ್ಟೇ ಒತ್ತಡ ತುಂಬಲು ಬೆಂಗಳೂರಿನಲ್ಲಿ ಟರ್ಬೊ ಹೆಚ್ಚು ಜೋರಾಗಿ ತಿರುಗಬೇಕು. ಎಂಇ 7.5ರ ಒಳಗೇ ವಾಯುಭಾರ ಅಳೆಯುವ ಸೆನ್ಸರ್ ಇರುವುದರಿಂದ ಅದು ಇದನ್ನು ಸಂಭಾಳಿಸುತ್ತದೆ. ಆ ಸೆನ್ಸರ್ ಇಲ್ಲದ ಅಗ್ಗದ ಬೂಸ್ಟ್ ಕಂಟ್ರೋಲರ್ ಹಾಕಿ ಬೆಂಗಳೂರಿನಲ್ಲಿ ಹೊಂದಿಸಿದ ಕಾರು ಶಿರಾಡಿ ಘಾಟಿ ಇಳಿದು ಕರಾವಳಿ ತಲುಪಿದರೆ, ಅದೇ ಸೆಟ್ಟಿಂಗಿನಲ್ಲಿ ಸಿಲಿಂಡರಿನೊಳಗೆ 100 ಮಿಲಿಬಾರ್ ಹೆಚ್ಚು ಒತ್ತಡ. ಜೊತೆಗೆ ಕರಾವಳಿಯ ಸೆಕೆ, ಚಕ್ರದ ಬಳಿ ಕೂತ ಸಣ್ಣ ಇಂಟರ್‌ಕೂಲರ್. ನಾಕ್ ಆಗುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಸ್ಟ್ಯಾಂಡ್‌ಅಲೋನ್ ಯಾರಿಗೆ?

ಮೂಲ ಇಸಿಯು ಕಿತ್ತುಹಾಕಿ ಬೇರೆಯದನ್ನೇ ಕೂರಿಸುವ ದಾರಿಯೂ ಇದೆ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ಆರಂಭಿಸಿದ ಮೆಗಾಸ್ಕ್ವರ್ಟ್, ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಕಟ್ಟಿದ ಸ್ಪೀಡುಯಿನೊ ಹವ್ಯಾಸಿಗಳ ಆಯ್ಕೆ. ಆಸ್ಟ್ರೇಲಿಯಾದ ಹಾಲ್‌ಟೆಕ್, ಪೋಲೆಂಡಿನ ಇಸಿಯುಮಾಸ್ಟರ್ ದುಬಾರಿ, ಸಮರ್ಥ.

ಆಕ್ಟೇವಿಯಾಗೆ ಇವು ಬೇಡ ಎಂಬುದೇ ನನ್ನ ತೀರ್ಪು. ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಹಾಕಿದರೂ ಎಂಇ 7.5 ಅದನ್ನು ನಿಭಾಯಿಸಬಲ್ಲದು, ಕೋಷ್ಟಕ ತಿದ್ದುವವರು ಬೇಕಷ್ಟೆ. ಹೊಸ ಇಸಿಯು ತಂದರೆ ಎಲೆಕ್ಟ್ರಾನಿಕ್ ಥ್ರಾಟಲ್, ಮೀಟರ್ ಬೋರ್ಡ್, ಎಬಿಎಸ್, ಏಸಿ ಎಲ್ಲದರ ಜೊತೆ ಅದರ ಸಂಬಂಧವನ್ನು ಮೊದಲಿನಿಂದ ಕಟ್ಟಬೇಕು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗುವುದು, ಏಸಿ ಹಾಕಿದಾಗ ಐಡಲ್ ಕುಸಿಯದಿರುವುದು, ಇಂಥ ಸಣ್ಣ ಸಣ್ಣ ಸಂಗತಿಗಳ ಮೇಲೆ ಬಾಷ್ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದಿದ್ದಾರೆ. ಅದನ್ನು ಒಂದು ವಾರಾಂತ್ಯದಲ್ಲಿ ಮರಳಿ ಸಂಪಾದಿಸಲು ಆಗುವುದಿಲ್ಲ. ರೇಸಿಗೆ ಮಾತ್ರ ಮೀಸಲಾದ ಕಾರಾದರೆ ಮಾತು ಬೇರೆ.

ಇನ್ನೂ ಹಳೆಯ ಕಾರುಗಳ ಲೆಕ್ಕವೂ ಬೇರೆ. ಹೊರದೇಶದಲ್ಲಿರುವ ನಮ್ಮವರಲ್ಲಿ ಪೋರ್ಷೆ 944 ಟರ್ಬೊದಂಥ 1980ರ ದಶಕದ ಕಾರು ಇಟ್ಟುಕೊಂಡವರಿದ್ದರೆ ಅವರಿಗೆ ಸ್ಟ್ಯಾಂಡ್‌ಅಲೋನ್ ನಿಜವಾದ ಲಾಭ. ಅದರಲ್ಲಿ ಗಾಳಿ ಅಳೆಯುವುದು ಸ್ಪ್ರಿಂಗ್ ಬಾಗಿಲು. ಆ ಬಾಗಿಲೇ ಗಾಳಿಗೆ ಅಡ್ಡಿ. ನಾಕ್ ನೋಡಿಕೊಳ್ಳಲು ಕೆಎಲ್‌ಆರ್ ಎಂಬ ಪ್ರತ್ಯೇಕ ಪೆಟ್ಟಿಗೆ. ಎಲೆಕ್ಟ್ರಾನಿಕ್ ಥ್ರಾಟಲ್ ಇಲ್ಲದಿರುವುದರಿಂದ ಬದಲಿಸುವ ಕೆಲಸವೂ ಸರಳ. ಆದರೆ ಅಲ್ಲೂ ಹಾರ್ನೆಸ್ ಹಳೆಯದೇ ಉಳಿಸಿಕೊಂಡು ಹೊಸ ಇಸಿಯು ಹಾಕುವುದು ಹಣ ಪೋಲು.

ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವೈರಿಂಗ್ ದುರಸ್ತಿ ಮಾರ್ಪಾಡಲ್ಲ, ಅದಕ್ಕೆ ಹೆದರಬೇಕಿಲ್ಲ. ಶಕ್ತಿ ಹೆಚ್ಚಿಸುವ ಮುಂಚೆ ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ತಿಳಿಸದೆ ಮಾಡಿಸಿದರೆ ಅಪಘಾತದ ದಿನ ಕ್ಲೇಮ್ ತಕರಾರಾಗಬಹುದು. ಕೆಟಲಿಟಿಕ್ ಕನ್ವರ್ಟರ್ ತೆಗೆಸುವ ಸಲಹೆ ಯಾರು ಕೊಟ್ಟರೂ ಒಪ್ಪಬೇಡಿ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಬೀದಿಯ ಮಕ್ಕಳು ಉಸಿರಾಡುವುದು ಆ ಗಾಳಿಯನ್ನೇ.

ಕೆಲಸ ಮುಗಿದ ಮೇಲೆ ಒಂದು ಕವರಿನಲ್ಲಿ ಇಷ್ಟು ಇಡಿ: ಮೂಲ ಸಾಫ್ಟ್‌ವೇರಿನ ನಕಲು ಇರುವ ಪೆನ್ ಡ್ರೈವ್, ಹೊಸ ವೈರಿಂಗಿನ ನಕ್ಷೆ, ಯಾವ ದಿನ ಏನು ಬದಲಿಸಿದಿರಿ ಎಂಬ ಪಟ್ಟಿ, ಕೊನೆಯ ಲಾಗ್‌ನ ಮುದ್ರಿತ ಪ್ರತಿ. ಕಾರು ಮಾರುವಾಗ ಆ ಕವರನ್ನು ಕೀಲಿಯ ಜೊತೆ ಮುಂದಿನವರ ಕೈಗೆ ಕೊಡಿ.